ಗ್ರಂಥಾಲಯದ ಬೇಸಿಗೆ ತರಗತಿ: ಫೀಸಿಲ್ಲ, ಎಸಿ ಇಲ್ಲ, ಆದರೂ ಮಕ್ಕಳನ್ನು ಕಳಿಸಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು. ಒಂದು ಯಾಕೆ ಕಡಿಮೆ ಅಂತ ಆಮೇಲೆ ಬರೆಯುತ್ತೇನೆ.

ದಾವಣಗೆರೆ ಹಳೇ ಊರಿನ ಕಡೆ ಇರುವ ಒಂದು ಶಾಖಾ ಗ್ರಂಥಾಲಯದಲ್ಲಿ ಈ ಬೇಸಿಗೆ ರಜೆಗೆ ಹೈಸ್ಕೂಲ್ ಮಕ್ಕಳಿಗೆ ತರಗತಿ ಮಾಡಿದರು. ಮಾಹಿತಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ನಂಬಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಹೇಗೆ, ಇಷ್ಟೇ ವಿಷಯ. ನನ್ನ ಮಗಳು ಎಂಟನೇ ಕ್ಲಾಸ್, ಅಣ್ಣನ ಮಗ ಒಂಬತ್ತು. ಇಬ್ಬರೂ ಹೋದರು. ಪೋಷಕರು ಹಿಂದಿನ ಬೆಂಚಿನಲ್ಲಿ ಕೂರಬಹುದು ಅಂದಿದ್ದರು, ಹಾಗಾಗಿ ನಾನೂ ಆಗಾಗ ಕೂತೆ. ಗ್ರಂಥಾಲಯದ ಹೆಸರು ಹಾಕುತ್ತಿಲ್ಲ. ಕೊರತೆಗಳನ್ನೂ ಬರೆಯುತ್ತಿದ್ದೇನೆ, ಅಲ್ಲಿರುವುದು ಬೆರಳೆಣಿಕೆಯ ಸಿಬ್ಬಂದಿ, ನನ್ನಿಂದಾಗಿ ಅವರಿಗೆ ಮೇಲಿನವರ ಫೋನ್ ಬರುವುದು ಬೇಡ.

ಹೋದ ವರ್ಷ ಅಣ್ಣ ಇದೇ ಹುಡುಗನನ್ನು ಊರಿನ ಒಂದು ಕೋಚಿಂಗ್ ಸೆಂಟರಿನ ಡಿಜಿಟಲ್ ಕೋರ್ಸಿಗೆ ಹಾಕಿದ್ದ. 3000 ರೂಪಾಯಿ. ಎಸಿ ರೂಮು, ಪ್ರೊಜೆಕ್ಟರ್, ಟೀ ಶರ್ಟು, ಕೊನೆಗೆ ಒಂದು ಸರ್ಟಿಫಿಕೇಟು. ಜೊತೆಗೆ ಲ್ಯಾಮಿನೇಷನ್ ಮಾಡಿದ ಒಂದು ಹಾಳೆ. ವೆಬ್‌ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಇದೆಯಾ ನೋಡಿ, ಕೊನೆಯಲ್ಲಿ ಡಾಟ್ ಓಆರ್‌ಜಿ ಅಂತ ಇದ್ದರೆ ನಂಬಬಹುದು, ನೋಡಲು ಚೆನ್ನಾಗಿಲ್ಲದಿದ್ದರೆ ನಂಬಬೇಡಿ, ಹೀಗೆ ಉದ್ದಕ್ಕೆ ಪಟ್ಟಿ. ಕೇಳಲು ಚೆನ್ನಾಗಿದೆ. ಆದರೆ ಬೀಗದ ಗುರುತು ಹೇಳುವುದು ಒಂದೇ: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲು ಆಗಲ್ಲ ಅಂತ. ಆ ಕಡೆ ಕೂತವನು ಸತ್ಯವಂತನೋ ಕಳ್ಳನೋ ಅದಕ್ಕೆ ಗೊತ್ತಿಲ್ಲ. ಡಾಟ್ ಓಆರ್‌ಜಿ ವಿಳಾಸ ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ. ಡಾಟ್ ಜಿಓವಿ ಡಾಟ್ ಇನ್ ಮಾತ್ರ ಸರ್ಕಾರದ್ದು, ಅದು ಬೇರೆ ಮಾತು. ಇನ್ನು ನೋಡಲು ಚೆನ್ನಾಗಿರಬೇಕು ಅನ್ನುವ ಲೆಕ್ಕ ಹಿಡಿದರೆ ನಮ್ಮ ಎಷ್ಟೋ ಸರ್ಕಾರಿ ಸೈಟುಗಳನ್ನು ನಂಬುವ ಹಾಗೇ ಇಲ್ಲ!

ಗ್ರಂಥಾಲಯದವರು ಈ ಪಟ್ಟಿಯ ದಾರಿಯನ್ನೇ ಬಿಟ್ಟಿದ್ದಾರೆ. ನನಗೆ ಹಿಡಿಸಿದ್ದು ಅದೇ. ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ರಿಟೈರ್ ಆದ ಒಬ್ಬ ಸರ್, ಲೈಬ್ರರಿ ಸೈನ್ಸ್ ಓದುತ್ತಿರುವ ಒಬ್ಬ ಹುಡುಗಿ, ಇಬ್ಬರೇ ಪಾಠ ಮಾಡುವವರು. ಮೊದಲ ದಿನವೇ ಮಕ್ಕಳ ಮುಂದೆ ಒಂದು ವೆಬ್‌ಸೈಟ್ ತೆರೆದಿಟ್ಟರು. ಅಮೆರಿಕದ ವಾಯುವ್ಯ ಭಾಗದ ಕಾಡಿನಲ್ಲಿ ಮರದ ಮೇಲೆ ಬದುಕುವ ಆಕ್ಟೋಪಸ್ ಇದೆ, ಅದು ಅಳಿವಿನ ಅಂಚಿನಲ್ಲಿದೆ, ಉಳಿಸಿ ಅಂತ. ಫೋಟೋ ಇದೆ, ಜೀವನಕ್ರಮ ಇದೆ, ಮನವಿ ಇದೆ. ಹುಡುಗಿ ಕನ್ನಡದಲ್ಲಿ ಓದಿ ಹೇಳುತ್ತಾ ಹೋದರು, ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾ ಹೋದರು. ಒಬ್ಬ ಹುಡುಗನಂತೂ ಚಿತ್ರ ಬಿಡಿಸಿ ಬಣ್ಣ ಹಚ್ಚಲು ಶುರುಮಾಡಿದ. ಆಮೇಲೆ ಸರ್ ಹೇಳಿದರು, ಇದು 1998ರಲ್ಲಿ ಒಬ್ಬರು ತಮಾಷೆಗೆ ಮಾಡಿದ ಸೈಟು, ಇಂಥ ಪ್ರಾಣಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಸಂಶೋಧಕರು ಇದನ್ನೇ ಏಳನೇ ತರಗತಿಯ ಮಕ್ಕಳಿಗೆ ತೋರಿಸಿದ್ದರಂತೆ, ಅದೂ ಚೆನ್ನಾಗಿ ಓದುವ ಮಕ್ಕಳಿಗೆ. ಬಹುತೇಕ ಎಲ್ಲರೂ ನಂಬಿದರು. ಓದಲು ಬರುವುದಕ್ಕೂ ಓದಿದ್ದನ್ನು ತೂಗಿ ನೋಡುವುದಕ್ಕೂ ಸಂಬಂಧ ಕಡಿಮೆ ಅಂತ ಮಕ್ಕಳಿಗೆ ಅರ್ಥವಾಗಲು ಇಷ್ಟು ಸಾಕಾಯಿತು.

ಪರಿಹಾರ ಏನು? ಪುಟವನ್ನು ಬಿಟ್ಟು ಆಚೆ ಹೋಗುವುದು. ಇದು ಕೇಳಲು ವಿಚಿತ್ರ, ಯಾಕೆಂದರೆ ನಾವು ಮಕ್ಕಳಿಗೆ ಹೇಳುವುದು ಗಮನ ಕೊಟ್ಟು ಪೂರ್ತಿ ಓದು ಅಂತ ಅಲ್ವಾ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ಜನ ಇತಿಹಾಸಕಾರರು, 10 ಜನ ಸುದ್ದಿ ಪರಿಶೀಲಿಸುವ ವೃತ್ತಿಯವರು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು. ಎಲ್ಲರಿಗೂ ಅವೇ ವೆಬ್‌ಸೈಟುಗಳು. ಡಾಕ್ಟರೇಟ್ ಮಾಡಿದ ಇತಿಹಾಸಕಾರರೇ ಎಷ್ಟೋ ಸಲ ಚೆಂದದ ಲೋಗೋ ನೋಡಿ ಮೋಸ ಹೋದರು, ಏಕೆಂದರೆ ಅವರು ಅದೇ ಪುಟದಲ್ಲಿ ಮೇಲಿಂದ ಕೆಳಗೆ ಓದುತ್ತಾ ಕೂತರು. ಪರಿಶೀಲಕರು ಹಾಗೆ ಮಾಡಲಿಲ್ಲ. ಸ್ವಲ್ಪ ನೋಡಿದವರೇ ಬೇರೆ ಟ್ಯಾಬ್ ತೆರೆದು ಈ ಸಂಸ್ಥೆ ಯಾರದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು. ಹೆಣ್ಣು ನೋಡಲು ಹೋದವರು ಆ ಮನೆಯವರ ಮಾತನ್ನಷ್ಟೇ ಕೇಳಿ ಬರುತ್ತಾರಾ, ಪಕ್ಕದ ಬೀದಿಯಲ್ಲಿ ವಿಚಾರಿಸುವುದಿಲ್ವಾ, ಅಂದರು ಸರ್. ಮಕ್ಕಳಿಗಿಂತ ಹಿಂದಿನ ಬೆಂಚಿನವರು ಜಾಸ್ತಿ ನಕ್ಕೆವು.

ಇದನ್ನೇ ನಾಲ್ಕು ಹೆಜ್ಜೆ ಮಾಡಿ ಮಕ್ಕಳ ಬಾಯಿಗೆ ಕೊಟ್ಟಿದ್ದಾರೆ. ನಿಲ್ಲು. ಹೇಳಿದ್ದು ಯಾರು ನೋಡು. ಬೇರೆ ಒಳ್ಳೆಯ ಕಡೆ ಏನಿದೆ ಹುಡುಕು. ಮೂಲಕ್ಕೆ ಹೋಗು. ಅಮೆರಿಕದ ಮೈಕ್ ಕಾಲ್‌ಫೀಲ್ಡ್ ಅನ್ನುವವರು 2019ರಲ್ಲಿ ಸಿಫ್ಟ್ ಅಂತ ಹೆಸರಿಟ್ಟು ಹೇಳಿದ ವಿಧಾನ ಇದು. ಆದರೆ ಅಭ್ಯಾಸಕ್ಕೆ ಆಯ್ದುಕೊಂಡಿದ್ದೆಲ್ಲ ನಮ್ಮ ಕಡೆಯ ವಿಷಯಗಳನ್ನು. ತರಗತಿ ಗೆದ್ದಿದ್ದು ಅಲ್ಲೇ.

ಉದಾಹರಣೆಗೆ ಸೂಳೆಕೆರೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೇವೆ, ಭಾಷಣದಲ್ಲಿ ಹೇಳಿದ್ದೇವೆ. ಇದನ್ನು ಹೇಳಿದ್ದು ಯಾರು, ಪತ್ತೆ ಮಾಡಿ ಅಂತ ಮಕ್ಕಳನ್ನು ಬಿಟ್ಟರು. ಒಂದು ಸೈಟು ಇನ್ನೊಂದನ್ನು ನೋಡಿ ಬರೆದಿದೆ, ಅದು ಮತ್ತೊಂದನ್ನು. ಎರಡನೆಯದು ಅಂದಮೇಲೆ ಮೊದಲನೆಯದು ಯಾವುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ, ಕೆಲವರದು ಉತ್ತರವೇ ಇಲ್ಲ. ಹಾಗಾದರೆ ಹೊಸಪೇಟೆ ಹತ್ತಿರ ಇರುವ ಟಿಬಿ ಡ್ಯಾಮ್ ಏನು ಸರ್, ಅದು ಇದಕ್ಕಿಂತ ದೊಡ್ಡದಲ್ವಾ ಅಂತ ಒಬ್ಬಳು ಕೇಳಿದಳು. ದೊಡ್ಡದೇ, ಎಷ್ಟೋ ಪಟ್ಟು ದೊಡ್ಡದು. ಹಾಗಿದ್ದರೆ ಯಾವ ಅಳತೆಯಲ್ಲಿ ಎರಡನೆಯದು? ವಿಸ್ತಾರದಲ್ಲೋ, ನೀರಿನ ಪ್ರಮಾಣದಲ್ಲೋ, ಹಳೆಯ ಕಾಲದಲ್ಲಿ ಕಟ್ಟಿದ ಕೆರೆಗಳ ಪೈಕಿಯೋ? ಮಕ್ಕಳು ನೋಡಿದ ಯಾವ ಪುಟದಲ್ಲೂ ಅದು ಇರಲಿಲ್ಲ. ಸರ್ ತೀರ್ಪು ಕೊಡಲಿಲ್ಲ. ಮೂಲ ಸಿಗುವ ತನಕ ದೊಡ್ಡ ಕೆರೆಗಳಲ್ಲಿ ಒಂದು ಅಂತ ಬರೆಯಿರಿ, ಕೆರೆಗೇನೂ ಅವಮಾನ ಆಗಲ್ಲ ಅಂದರು.

ಇದೇ ಕೆರೆ ಹಿಡಿದುಕೊಂಡು ಇನ್ನೊಂದು ಪಾಠ ಮಾಡಿದರು. ಇಡೀ ತರಗತಿಯಲ್ಲಿ ನನಗೆ ಅತ್ಯುತ್ತಮ ಅನ್ನಿಸಿದ್ದು ಅದು. ಇಂಟರ್ನೆಟ್ ಸಾಕು, ಗ್ರಂಥಾಲಯ ಯಾಕೆ ಅನ್ನುವವರು ಇದನ್ನು ಕೇಳಬೇಕು. ಸೂಳೆಕೆರೆಯ ಬಗ್ಗೆ ಹಳೆಯ ಸರ್ಕಾರಿ ದಾಖಲೆ ಬೇಕು ಅಂದರೆ ದಾವಣಗೆರೆ ಅಂತ ಹುಡುಕಿದರೆ ಸಿಗುವುದಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಅದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ. ಒಂದೊಂದು ಜಿಲ್ಲೆಯ ಮಾಹಿತಿ ಸೇರಿಸಿ ಸರ್ಕಾರ ಹೊರತರುವ ದಪ್ಪ ಪುಸ್ತಕಕ್ಕೆ ಗೆಜೆಟಿಯರ್ ಅನ್ನುತ್ತಾರೆ. ಅಂದರೆ ಸೂಳೆಕೆರೆಗೆ ಶಿವಮೊಗ್ಗದ ಗೆಜೆಟಿಯರ್ ತೆಗೆಯಬೇಕು, ದಾವಣಗೆರೆ ಊರಿಗೆ ಚಿತ್ರದುರ್ಗದ್ದು. ಹರಪನಹಳ್ಳಿಯ ಕಥೆ ಇನ್ನೂ ಮಜಾ. ಬಳ್ಳಾರಿಯಿಂದ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬ್ರಿಟಿಷರ ಕಾಲದ ಇಂಗ್ಲಿಷ್ ಪುಸ್ತಕದಲ್ಲಿ ಚಿತ್ರದುರ್ಗವೇ ಸಿಗಲ್ಲ, ಚಿಟಲ್‌ಡ್ರೂಗ್ ಅಂತ ಹುಡುಕಬೇಕು. ಈ ಪಾಠ ಆದಮೇಲೆ ಮಕ್ಕಳು ರೆಫರೆನ್ಸ್ ಕಪಾಟಿನ ಮುಂದೆ ನೆಲದ ಮೇಲೆ ಕೂತು ದಪ್ಪ ಪುಸ್ತಕಗಳ ಹಿಂದಿನ ಪುಟದ ಸೂಚಿಯಲ್ಲಿ ಬೆರಳಾಡಿಸುತ್ತಿದ್ದರು. ಪುಸ್ತಕದ ಹಿಂದೆ ಅಂಥದ್ದೊಂದು ಪಟ್ಟಿ ಇರುತ್ತದೆ ಅಂತ ನಮ್ಮ ಹುಡುಗನಿಗೆ ಒಂಬತ್ತನೇ ಕ್ಲಾಸಿಗೆ ಬರುವ ತನಕ ಯಾರೂ ಹೇಳಿರಲಿಲ್ಲ.

ವಾಣಿವಿಲಾಸ ಸಾಗರದ್ದೂ ಮಾಡಿಸಿದರು, ನಮ್ಮ ಹಿರಿಯೂರಿನ ಮಾರಿಕಣಿವೆ. 1907ಕ್ಕೆ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ಬಿದ್ದ ದೃಶ್ಯ ಅಂತ ಫೋನಿನಲ್ಲಿ ಬಂದ ವಿಡಿಯೋಗಳನ್ನು ಹಾಕಿ, ಇದರಲ್ಲಿ ನಿಜವಾಗಿ ಮಾರಿಕಣಿವೆ ಯಾವುದು ಹೇಳಿ ಅಂದರು. ಗೇಟು ತೆರೆದು ನೀರು ಧುಮುಕುವ ವಿಡಿಯೋ ಎಲ್ಲರಿಗೂ ಇಷ್ಟವಾಯಿತು, ಆದರೆ ಅದು ಬೇರೆ ಯಾವುದೋ ಡ್ಯಾಮ್. ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಚಿತ್ರದ ಮೂಲಕವೇ ಹುಡುಕುವುದನ್ನು ಗೂಗಲ್ ಲೆನ್ಸ್‌ನಲ್ಲಿ ಮಾಡಿ ತೋರಿಸಿದರು. ನನ್ನ ಮಗಳು ಈಗ ಮನೆಯಲ್ಲಿ ಬಂದ ಫೋಟೋಕ್ಕೆಲ್ಲ ಇದನ್ನೇ ಮಾಡುತ್ತಾಳೆ. ಸ್ವಲ್ಪ ಕಾಟವೇ.

ಎಲ್ಲ ತಮಾಷೆಯದ್ದೇ ಇರಲಿಲ್ಲ. 2018ರ ಮಕ್ಕಳ ಕಳ್ಳರ ವದಂತಿ ನೆನಪಿದೆಯಲ್ಲ, ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದುಬಿಡುತ್ತಾರೆ, ಬರಹ ಬರುತ್ತದೆ. ಆ ಕೊನೆಯ ಭಾಗ ಕತ್ತರಿಸಿ ಹಂಚಿದರು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂದುಕೊಂಡು ಜನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಜಾಸ್ತಿ ಫಾರ್ವರ್ಡ್ ಮಾಡಲು ಆಗದ ಹಾಗೆ ಮಿತಿ ಹಾಕುವುದಾಗಿ ಹೇಳಿತು. ಪೂರ್ತಿ ವಿಡಿಯೋ ಮತ್ತು ಕತ್ತರಿಸಿದ ವಿಡಿಯೋ ಎರಡನ್ನೂ ಪಕ್ಕಪಕ್ಕ ತೋರಿಸಿದರು. ಮೂಲಕ್ಕೆ ಹೋಗು ಅನ್ನುವ ನಾಲ್ಕನೇ ಹೆಜ್ಜೆ ಯಾಕೆ ಅಂತ ಮತ್ತೆ ವಿವರಿಸುವ ಕೆಲಸ ಉಳಿಯಲಿಲ್ಲ.

ಎಐ ಬಗ್ಗೆ ಒಂದು ಬೆಳಿಗ್ಗೆ ಇಟ್ಟಿದ್ದರು. ದಾವಣಗೆರೆಯ ಇತಿಹಾಸದ ಬಗ್ಗೆ ಕನ್ನಡ ಪುಸ್ತಕಗಳ ಪಟ್ಟಿ ಕೊಡು ಅಂತ ಚಾಟ್‌ಬಾಟ್ ಹತ್ತಿರ ಕೇಳಿ, ಅದು ಕೊಟ್ಟ ಪಟ್ಟಿ ಹಿಡಿದು ಮಕ್ಕಳು ಕಪಾಟು, ಕ್ಯಾಟಲಾಗು, ಇಂಟರ್ನೆಟ್ಟು ಎಲ್ಲ ಜಾಲಾಡಿದರು. ಕೆಲವು ಎಲ್ಲೂ ಇಲ್ಲ. ಲೇಖಕರು ನಿಜ, ಪುಸ್ತಕ ಕಟ್ಟುಕಥೆ. ಅದು ಬೇಕಂತ ಸುಳ್ಳು ಹೇಳುತ್ತಿಲ್ಲ, ಇಂಥ ಮಾತಿನ ಮುಂದೆ ಎಂಥ ಮಾತು ಬರುವ ಸಾಧ್ಯತೆ ಜಾಸ್ತಿ ಅಂತ ನೋಡಿ ಪೋಣಿಸುತ್ತದೆ ಅಷ್ಟೇ, ಅಂತ ಆ ಹುಡುಗಿ ವಿವರಿಸಿದ್ದು ನನಗೂ ಮೊದಲ ಸಲ ತಲೆಗೆ ಹೋಯಿತು. ಬಳಸಬೇಡಿ ಅಂತ ಹೇಳಲಿಲ್ಲ. ಹುಡುಕಲು ಯಾವ ಪದ ಹಾಕಬೇಕು ಅಂತ ಕೇಳಿ, ಉತ್ತರವನ್ನು ಮಾತ್ರ ಅದರಿಂದ ನಕಲು ಮಾಡಬೇಡಿ ಅಂದರು.

ಈಗ ಕಡಿಮೆ ಆದ ಒಂದು ಅಂಕಕ್ಕೆ ಬರೋಣ.

ಕಂಪ್ಯೂಟರುಗಳು ಹಳೆಯವು, ಅದೂ ಮೂರು ಮಕ್ಕಳಿಗೆ ಒಂದು. ಕರೆಂಟು ಹೋದರೆ ಮುಗೀತು, ದಾವಣಗೆರೆ ಮೇ ತಿಂಗಳ ಸೆಕೆ ಗೊತ್ತಲ್ಲ. ಕುಡಿಯುವ ನೀರು ಮನೆಯಿಂದಲೇ ಒಯ್ಯಬೇಕು. ಇದನ್ನೆಲ್ಲ ನಾನು ದೊಡ್ಡದು ಮಾಡಲ್ಲ.

ದೊಡ್ಡದು ಅನ್ನಿಸಿದ್ದು ಕನ್ನಡದಲ್ಲಿ ಹುಡುಕುವ ತೊಂದರೆಯನ್ನು ಸುಮ್ನೆ ಮೇಲೆ ಮೇಲೆ ಮುಟ್ಟಿ ಬಿಟ್ಟಿದ್ದು. ನಮ್ಮ ಸಮಸ್ಯೆ ಸುಳ್ಳು ಜಾಸ್ತಿ ಇರುವುದಷ್ಟೇ ಅಲ್ಲ, ಇರುವ ನಿಜವೂ ಕೈಗೆ ಸಿಗುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಎಷ್ಟೋ ಆದೇಶ, ವರದಿಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡ ಅಂತ ಗುರುತಿಸುವ ಅಕ್ಷರ ಪದ್ಧತಿಯಲ್ಲಿ ಇಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಸರ್ಚ್ ಎಂಜಿನ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿಟ್ಟ ಹಳೆಯ ಪುಸ್ತಕಗಳು ಬರೀ ಚಿತ್ರಗಳು, ಒಳಗಿನ ಪದ ಹುಡುಕಲು ಆಗಲ್ಲ. ಹಾಗಾಗಿ ಮಗು ಕನ್ನಡದಲ್ಲಿ ಹುಡುಕಿದರೆ ಮೇಲೆ ಬರುವುದು ನಿನ್ನೆ ಮೊನ್ನೆ ಯಾರೋ ಅವಸರಕ್ಕೆ ಬರೆದಿದ್ದು. ಇದಕ್ಕೇ ಒಂದು ಇಡೀ ದಿನ ಬೇಕಿತ್ತು. ಸರ್ ಐದು ನಿಮಿಷದಲ್ಲಿ ದಾಟಿಬಿಟ್ಟರು. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಎಲ್ಲ ಮಕ್ಕಳ ಹೆಸರು ನೋಂದಾಯಿಸಿದ್ದೇನೋ ಒಳ್ಳೆಯದಾಯಿತು. 2020ರಿಂದ ಇದೆ, ಉಚಿತ. ಆದರೆ ಅದರೊಳಗೆ ಬೇಕಾದ್ದನ್ನು ಹೇಗೆ ಹುಡುಕಬೇಕು ಅಂತ ಕೂರಿಸಿ ಹೇಳಿಕೊಡಲಿಲ್ಲ.

ಇನ್ನೊಂದು, ಸುಳ್ಳಿನ ಮೇಲೆ ಒತ್ತು ಜಾಸ್ತಿಯಾಯಿತು. ನಮ್ಮ ಅಣ್ಣನ ಮಗ ಈಗ ಎಲ್ಲದಕ್ಕೂ ಸುಳ್ಳು ಅನ್ನುತ್ತಾನೆ. ಪೇಪರ್ ಸುಳ್ಳು, ಟಿವಿ ಸುಳ್ಳು, ಪಠ್ಯಪುಸ್ತಕವೂ ಅನುಮಾನ. ಇದು ನಂಬುವುದಕ್ಕಿಂತ ಸುಲಭದ ಸೋಮಾರಿತನ. ಯಾವುದನ್ನು ಯಾಕೆ ನಂಬಬಹುದು ಅನ್ನುವುದನ್ನೂ ಅಷ್ಟೇ ಹೊತ್ತು ಕಲಿಸಬೇಕು: ಪತ್ರಿಕೆಯವರು ವರದಿಯನ್ನು ಹೇಗೆ ಖಚಿತ ಮಾಡಿಕೊಳ್ಳುತ್ತಾರೆ, ತಪ್ಪಾದರೆ ತಿದ್ದುಪಡಿ ಹಾಕುತ್ತಾರಾ, ಒಂದು ಅಧ್ಯಯನವನ್ನು ಪ್ರಕಟಿಸುವ ಮುಂಚೆ ಬೇರೆ ಪಂಡಿತರು ಓದುತ್ತಾರೆ ಅನ್ನುವುದು, ಇಂಥದ್ದು. ನಾನು ಇದನ್ನು ಸರ್‌ಗೆ ಹೇಳಿದೆ. ಹೌದ್ರೀ, ಮುಂದಿನ ಸಲ ಪ್ರೆಸ್ಸಿನವರನ್ನು ಕರೆಸೋಣ ಅಂದರು.

ನಂಬಿಕೆ ಅಂದಾಗ ನೆನಪಾಯಿತು. ಜ್ಞಾನಪೀಠ ಅತಿ ಹೆಚ್ಚು ಬಂದಿರುವುದು ಕನ್ನಡಕ್ಕೆ ಅಂತ ಮಗಳು ಶಾಲೆಯಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದಳು. ತರಗತಿಯಲ್ಲಿ ಪ್ರಶಸ್ತಿಯವರದೇ ಪಟ್ಟಿ ತೆಗೆದು ಎಣಿಸಿದರು. ಕುವೆಂಪು ಅವರಿಂದ ಕಂಬಾರರ ತನಕ ನಮಗೆ 8. ಹಿಂದಿಗೆ ಅದಕ್ಕಿಂತ ಜಾಸ್ತಿ. ಮಕ್ಕಳ ಮುಖ ಸಪ್ಪಗಾಯಿತು. ಇಷ್ಟವಿಲ್ಲದ ಉತ್ತರ ಬಂದಾಗಲೂ ಪಟ್ಟಿ ಮುಚ್ಚಿಡದೆ ಒಪ್ಪಿಕೊಳ್ಳುವುದನ್ನು ಕಲಿಸಿದ್ದಾರಲ್ಲ, ಇದಕ್ಕೆ ನಾನು ಅರ್ಧ ಅಂಕ ಜಾಸ್ತಿಯೇ ಕೊಡುತ್ತೇನೆ. ನಮ್ಮಪ್ಪನಿಗೆ ಮಾತ್ರ ಸಿಟ್ಟು ಬಂತು. ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂದಿದೆ ಅನ್ನುವ ಅವರ ಹಳೆಯ ಮೆಸೇಜಿಗೂ ಮೊಮ್ಮಗಳು ಕೈಹಾಕಿದ್ದಳು. ಅಜ್ಜಾ, ಯುನೆಸ್ಕೋದವರೇ ನಾವು ಹಾಗೆ ಹೇಳಿಲ್ಲ ಅಂದಿದ್ದಾರೆ ಅಂದಳು. ಅವರು ಹೇಳದಿದ್ದರೇನವ್ವಾ, ನಾನು ಹೇಳ್ತೀನಿ ಅಂದರು ಅಪ್ಪ. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ.

ಈಗ ಗ್ರಂಥಾಲಯದ ಕೈಯಲ್ಲಿ ಇಲ್ಲದ ವಿಷಯ. ತರಗತಿ ಎಷ್ಟೇ ಚೆನ್ನಾಗಿರಲಿ, ಜೂನಿನಲ್ಲಿ ಶಾಲೆ ಶುರುವಾದಮೇಲೆ ಏನಾಯಿತು ಕೇಳಿ. ಜಲಮಾಲಿನ್ಯದ ಬಗ್ಗೆ ಪ್ರಾಜೆಕ್ಟ್ ಮಾಡಿ ಅಂದರು. ನಮ್ಮ ಊರಿನ ಝೆರಾಕ್ಸ್ ಅಂಗಡಿಗಳಲ್ಲಿ ಇಂಥ ಪ್ರಾಜೆಕ್ಟುಗಳು ರೆಡಿ ಇರುತ್ತವೆ. ಹೆಸರು, ರೋಲ್ ನಂಬರ್ ಬದಲಾಯಿಸಿ ಕಲರ್ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿ ಕೊಟ್ಟುಬಿಡುತ್ತಾರೆ, ಅರ್ಧ ಕ್ಲಾಸಿನದು ಒಂದೇ ಪ್ರಾಜೆಕ್ಟು, ತಪ್ಪುಗಳೂ ಅವೇ. ಮಗಳು ಹಾಗೆ ಮಾಡಲಿಲ್ಲ. ಹರಿಹರದ ಹತ್ತಿರ ತುಂಗಭದ್ರೆಯ ಬಗ್ಗೆ ಪೇಪರಿನಲ್ಲಿ ಬಂದಿದ್ದು, ಮಾಲಿನ್ಯ ನಿಯಂತ್ರಣ ಮಂಡಳಿಯ ಸೈಟಿನಲ್ಲಿ ಇದ್ದಿದ್ದು ಎಲ್ಲ ಓದಿ, ಯಾವುದು ಎಲ್ಲಿಂದ ಅಂತ ಕೆಳಗೆ ಬರೆದು, ಕೈಬರಹದಲ್ಲೇ ಕೊಟ್ಟಳು. ಬಣ್ಣ ಇಲ್ಲ, ಬೈಂಡಿಂಗ್ ಇಲ್ಲ ಅಂತ ಅಂಕ ಕಟ್. ಎಲ್ಲಿಂದ ತಗೊಂಡೆ ಅಂತ ಬರೆದಿದ್ದಕ್ಕೆ, ಅಂದರೆ ಕಾಪಿ ಹೊಡೆದಿದ್ದೀಯಾ ಅಂತ ಬೇರೆ ಕೇಳಿದರಂತೆ! ಬರೆದವಳು ಕಳ್ಳಿ, ಬರೆಯದವರು ಸಾಚಾ. ಶಾಲೆಯ ಹೆಸರು ಬೇಡ, ಬೇರೆ ಕಡೆಯೂ ಇದೇ ಕಥೆ ಅಂತ ಗ್ರಂಥಾಲಯಕ್ಕೆ ಬಂದಿದ್ದ ತಂದೆ ತಾಯಂದಿರು ಹೇಳುತ್ತಾರೆ. ಲೈಬ್ರರಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿದೆ, ನಡೆಯುವುದು ಗಣಿತ.

ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲೇ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಮಾಡಿಸಿದರು, ಜಿಲ್ಲಾಧಿಕಾರಿಯೇ ಮುಂದೆ ನಿಂತು. ನಮ್ಮಲ್ಲಿ ಯಾಕೆ ಆಗಬಾರದು? ದುಡ್ಡಿನ ಮಾತು ಬರುತ್ತದೆ ಅಂತ ಗೊತ್ತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟುವ ಮನೆ ಕಂದಾಯದ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ. ನಿಮ್ಮ ಕಂದಾಯದ ರಸೀದಿ ತೆಗೆದು ನೋಡಿ. ಹಾಗಾಗಿ ಈ ತರಗತಿಗೆ ಉಚಿತ ಅಂತ ಹೇಳುವುದೂ ಪೂರ್ತಿ ಸರಿಯಲ್ಲ, ದುಡ್ಡು ಮೊದಲೇ ಕೊಟ್ಟಾಗಿದೆ. ನಿಮ್ಮ ಬಡಾವಣೆಯ ಶಾಖೆಗೂ ಹೋಗಿ ಇದನ್ನು ಮಾಡಿ ಅಂತ ಧೈರ್ಯವಾಗಿ ಕೇಳಿ.

ದಸರಾ ರಜೆಯಲ್ಲಿ ಇನ್ನೊಂದು ಬ್ಯಾಚ್ ಮಾಡುವ ಯೋಚನೆ ಇದೆಯಂತೆ. ಕಳಿಸುವವರು ಎಂಟನೇ ಕ್ಲಾಸ್ ದಾಟಿದವರನ್ನೇ ಕಳಿಸಿ, ಚಿಕ್ಕ ಮಕ್ಕಳು ಗೆಜೆಟಿಯರ್ ದಿನ ನಿದ್ದೆ ಹೋಗುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಕಿಟಕಿ ಪಕ್ಕದ ಕಂಪ್ಯೂಟರ್ ಸಿಗುತ್ತದೆ, ಅದೊಂದೇ ಸರಿಯಾಗಿ ಓಡುವುದು. ನೀರಿನ ಬಾಟಲ್ ಮರೆಯಬೇಡಿ. ಅಜ್ಜ ಅಜ್ಜಿ ಬಿಡುವಾಗಿದ್ದರೆ ಅವರನ್ನೂ ಹಿಂದಿನ ಬೆಂಚಿಗೆ ಕೂರಿಸಿ, ಅವರಿಗೂ ಜಾಗ ಇದೆ ಅಂತ ಸರ್ ಹೇಳಿದ್ದಾರೆ. ನಮ್ಮಪ್ಪ ಬರಲ್ಲ ಅಂದಿದ್ದಾರೆ.